ಕೊನೆಯ ಮೂವತ್ತು ಅಡಿ: ಫಾರ್ಮಾಲ್ ಎಮ್‌ನ ಮ್ಯಾಗ್ನೆಟೋ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿದ ನನ್ನ ಅನುಭವ

ಹೋದ ಆಗಸ್ಟಿನಲ್ಲಿ ನಮ್ಮ ಕೌಂಟಿ ಜಾತ್ರೆಯಲ್ಲಿ, ಎಳೆದಷ್ಟೂ ಹೊರೆ ಏರುವ ಸ್ಲೆಡ್ ಎಂಬ ತೂಕದ ಬಂಡಿಯನ್ನು ದೂರ ಎಳೆಯುವ ಟ್ರ್ಯಾಕ್ಟರ್ ಪುಲ್ಲಿಂಗ್ ಸ್ಪರ್ಧೆಯ 5500 ಪೌಂಡ್ ವರ್ಗದಲ್ಲಿ ನನ್ನ 1949ರ ಫಾರ್ಮಾಲ್ ಎಮ್ 300 ಅಡಿಯ ಗೆರೆಯನ್ನು ದಾಟಿ ಪೂರ್ತಿ ಎಳೆಯಿತು. ಅದಕ್ಕೂ ಹಿಂದಿನ ಮೂರು ಬೇಸಿಗೆಗಳಲ್ಲಿ ಅದೇ ಟ್ರ್ಯಾಕ್ಟರ್, ಅದೇ ಟೈರು, ಅದೇ ಎರಡನೇ ಗೇರಿನಲ್ಲಿ 260ರಿಂದ 270 ಅಡಿಯ ನಡುವೆ ಎಲ್ಲೋ ಒಂದು ಕಡೆ ಉಸಿರು ಬಿಡುತ್ತಿತ್ತು. ಮುರಿದ ಒಂದು ಪಿಸ್ಟನ್ನಿನ ರಿಪೇರಿ ಬಿಟ್ಟರೆ ಮಧ್ಯೆ ನಾನು ಬದಲಿಸಿದ್ದು ಇಗ್ನಿಷನ್ (ಕಿಡಿ ಕೊಡುವ ವ್ಯವಸ್ಥೆ) ಒಂದನ್ನೇ. ಬ್ಯಾಟರಿ ಇಲ್ಲದೆ ಆಯಸ್ಕಾಂತ ತಿರುಗಿಸಿ ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ತೆಗೆಯುತ್ತೇನೆ ಎಂದಾಗ ಇಲಿನಾಯ್ಸ್‌ನ ನಮ್ಮ ಪುಲ್ಲಿಂಗ್ ಬಳಗದಲ್ಲಿ ಒಬ್ಬರೂ ಒಪ್ಪಿರಲಿಲ್ಲ. ನನ್ನ ಜೊತೆ ಪ್ರತಿ ಪುಲ್‌ಗೂ ಬರುವ, ಹುಬ್ಬಳ್ಳಿ ಕಡೆಯ ಹಿರಿಯ ಮಿತ್ರರೊಬ್ಬರು ಕೂಡ, "ನಡೀಲಿಕ್ಕತ್ತಿದ್ದನ್ನ ಯಾಕ ಕೆಡಿಸ್ತೀರಿ? ಆ ಮ್ಯಾಗ್ನೆಟೋ ಮುಟ್ಟಬ್ಯಾಡ್ರಿ" ಎಂದು ಎರಡು ವರ್ಷ ತಡೆದರು. ಈಗ ಫಲ ಕಂಡಿರುವುದರಿಂದ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಇಂಜಿನ್ನಿನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಎಮ್‌ನ ಮೂಲ ಇಂಜಿನ್ 248 ಘನ ಇಂಚಿನದು. ನನ್ನದಕ್ಕೆ ಹಿಂದಿನ ಮಾಲೀಕರೇ ನಾಲ್ಕು ಇಂಚಿನ ಲೈನರು ಮತ್ತು ಎತ್ತರದ ತಲೆಯ ಪಿಸ್ಟನ್ನು ಹಾಕಿಸಿದ್ದರಿಂದ ಅದು 264 ಘನ ಇಂಚಾಗಿದೆ. ಕಂಪ್ರೆಷನ್ (ಪಿಸ್ಟನ್ ಇಂಧನದ ಮಿಶ್ರಣವನ್ನು ಅದುಮುವ ಪ್ರಮಾಣ) ಕೂಡ ಮೂಲಕ್ಕಿಂತ ಸಾಕಷ್ಟು ಏರಿದೆ. ಕಂಪ್ರೆಷನ್ ಏರಿದಷ್ಟೂ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಆ ವೋಲ್ಟೇಜ್ ಬೇಕಾಗುವುದು ಯಾವ ಗಳಿಗೆಯಲ್ಲಿ ಎಂಬುದನ್ನು ನಾನು ತಡವಾಗಿ ತಿಳಿದುಕೊಂಡೆ.

ಅದು ತಿಳಿದದ್ದು ಫೋನಿನಲ್ಲಿ ತೆಗೆದ ಒಂದು ವಿಡಿಯೋದಿಂದ. ಗ್ಯಾರೇಜಿನಲ್ಲಿ ಕುಳಿತು ಧ್ವನಿಯನ್ನು ನಿಧಾನಗೊಳಿಸಿ ಹತ್ತಾರು ಸಲ ಕೇಳಿದೆ. ಹೊರಟಾಗ 1800 ಆರ್‌ಪಿಎಮ್ (ನಿಮಿಷಕ್ಕೆ ಸುತ್ತು) ಆಸುಪಾಸಿನಲ್ಲಿ ನಾಲ್ಕೂ ಸಿಲಿಂಡರುಗಳ ಬಡಿತ ಒಂದೇ ಸಮ ಇತ್ತು. ಸ್ಲೆಡ್ಡಿನ ತೂಕದ ಪೆಟ್ಟಿಗೆ ಮುಂದಕ್ಕೆ ಸರಿದು ಹೊರೆ ಏರಿದಂತೆ ಇಂಜಿನ್ ಇಳಿಯುತ್ತ ಬಂದು, 1100ರ ಹತ್ತಿರ ಬಂದಾಗ ಮಾತ್ರ ಒಂದು ಬಡಿತ ತಪ್ಪಿತು, ಮರುಕ್ಷಣ ಇನ್ನೊಂದು ತಪ್ಪಿತು, ಅಲ್ಲಿಗೆ ಟ್ರ್ಯಾಕ್ಟರ್ ನಿಂತಿತು. ವೇಗ ಕಾಯುವ ಗವರ್ನರ್ ಥ್ರಾಟಲನ್ನು ಪೂರ್ತಿ ತೆರೆದಿರುವ, ಸಿಲಿಂಡರು ಅತಿ ಹೆಚ್ಚು ತುಂಬಿಕೊಳ್ಳುವ ಗಳಿಗೆ ಅದೇ. ಮ್ಯಾಗ್ನೆಟೋದ ವೇಗ ಇಳಿದು ಅದರ ಕಿಡಿ ಸೊರಗುವ ಗಳಿಗೆಯೂ ಅದೇ. ವೇಗ ಏರಿದಷ್ಟೂ ಮ್ಯಾಗ್ನೆಟೋದ ಕಿಡಿ ಬಲವಾಗುತ್ತದೆ ಎಂದು ಹಿರಿಯರು ಹೇಳುವ ಮಾತು ನಿಜ, ಆದರೆ ನಾವು ಸೋಲುವುದು ವೇಗ ಇಳಿದಾಗ.

ಇದನ್ನು ಅರಿಯುವ ಮೊದಲು ನಾನು ಟ್ರ್ಯಾಕ್ಟರಿನ ಎಚ್-4 ಮಾದರಿಯ ಮ್ಯಾಗ್ನೆಟೋವನ್ನೇ ಸರಿಪಡಿಸಲು ಹೊರಟಿದ್ದೆ. ಆಯಸ್ಕಾಂತಕ್ಕೆ ಮತ್ತೆ ಶಕ್ತಿ ತುಂಬಿಸಿ, ಹೊಸ ಕಾಯಿಲ್ (ವೋಲ್ಟೇಜ್ ಏರಿಸುವ ಸುರುಳಿ), ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹೊಡೆಸುವ ಸಂಪರ್ಕ), ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಭಾಗ) ಹಾಕಿಸಿದ್ದಕ್ಕೆ ಸುಮಾರು 350 ಡಾಲರ್ ಹೋಯಿತು. ಪಾಯಿಂಟ್ ಗ್ಯಾಪನ್ನು 13 ಥೌಗೆ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಪಾಲು) ನಾನೇ ಹೊಂದಿಸಿದೆ. ಮೈಸೂರಿನಲ್ಲಿ ತಯಾರಾದ ನಮ್ಮಪ್ಪನ ಯೆಜ್ಡಿಯ ಪಾಯಿಂಟನ್ನು ಸಿಗರೇಟ್ ಪ್ಯಾಕಿನ ಕಾಗದ ಇಟ್ಟು ಹೊಂದಿಸುತ್ತ ಬೆಳೆದವನಿಗೆ ಆ ಕೆಲಸ ಕಷ್ಟವೇನಲ್ಲ. ಬೆಂಚಿನ ಮೇಲೆ ಕಿಡಿ ಕಾಲು ಇಂಚು ಹಾರಿತು. ಜೂನ್ ತಿಂಗಳ ಮೊದಲ ಪುಲ್‌ನಲ್ಲಿ ಚೆನ್ನಾಗಿಯೇ ಇತ್ತು. ಜುಲೈ ಬಿಸಿಲಿನಲ್ಲಿ ಅರ್ಧ ಗಂಟೆ ಸಾಲಿನಲ್ಲಿ ನಿಂತು ಇಂಜಿನ್ ಕಾದ ಮೇಲೆ ಹೊಸ ಕಂಡೆನ್ಸರ್ ಕೈಕೊಟ್ಟಿತು. ತಣ್ಣಗಿದ್ದಾಗ ಅಳೆದರೆ ಅದರಲ್ಲಿ ಯಾವ ದೋಷವೂ ಕಾಣುತ್ತಿರಲಿಲ್ಲ. ಹಳೆಯ ಕಂಡೆನ್ಸರನ್ನು ಎಸೆಯದೆ ಇಟ್ಟುಕೊಳ್ಳಿರಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ.

ಆ ವರ್ಷದ ಚಳಿಗಾಲದಲ್ಲಿ ಹೆಡ್ ಇಳಿಸಿ, ಪಿಸ್ಟನ್ನುಗಳನ್ನು ಹೊರತೆಗೆದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮೂರನೇ ಪಿಸ್ಟನ್ನಿನಲ್ಲಿ ಮೇಲಿನ ಎರಡು ರಿಂಗುಗಳ ನಡುವಿನ ಅಂಚು ಹೆಬ್ಬೆರಳಿನ ಉಗುರಿನಷ್ಟು ಅಗಲಕ್ಕೆ ಮುರಿದಿತ್ತು. ಎಚ್-4ಕ್ಕೆ ವೇಗಕ್ಕೆ ತಕ್ಕಂತೆ ಬದಲಾಗುವ ಅಡ್ವಾನ್ಸ್ (ಪಿಸ್ಟನ್ ಮೇಲೆ ತಲುಪುವ ಮೊದಲೇ ಕಿಡಿ ಹಾರುವ ಅಂತರ) ಇಲ್ಲ. ಸ್ಟಾರ್ಟ್ ಮಾಡುವಾಗ ಇಂಪಲ್ಸ್ ಕಪ್ಲಿಂಗ್ ಕಿಡಿಯನ್ನು ತಡಮಾಡುತ್ತದೆ, ಇಂಜಿನ್ ಹಿಡಿದುಕೊಂಡ ಮೇಲೆ ಎಲ್ಲ ವೇಗಕ್ಕೂ ಒಂದೇ ಟೈಮಿಂಗು, ನನ್ನದರಲ್ಲಿ ಸುಮಾರು 35 ಡಿಗ್ರಿ. ಆ ಅಡ್ವಾನ್ಸನ್ನೇ ಹಿಡಿದುಕೊಂಡು, ಹೆಚ್ಚಿದ ಕಂಪ್ರೆಷನ್ನಿನಲ್ಲಿ, ಪೂರ್ತಿ ಥ್ರಾಟಲಿನಲ್ಲಿ ಇಂಜಿನ್ನನ್ನು 1100ಕ್ಕೆ ಇಳಿಸಿದರೆ ಒಳಗೆ ನಾಕ್ (ಮಿಶ್ರಣ ತಾನಾಗಿ ಸ್ಫೋಟಿಸಿ ಪಿಸ್ಟನ್ನಿಗೆ ಬಡಿಯುವುದು) ಆಗದೆ ಇರುವುದು ಹೇಗೆ? ಸೈಲೆನ್ಸರ್ ಇಲ್ಲದ ನೇರ ಪೈಪಿನ ಸದ್ದಿನಲ್ಲಿ ಆ ನಾಕ್ ನನಗೆ ಎಂದೂ ಕೇಳಿಸಿರಲಿಲ್ಲ. ಪಿಸ್ಟನ್, ರಿಂಗು, ಗ್ಯಾಸ್ಕೆಟ್ ಎಲ್ಲ ಸೇರಿ ಮತ್ತೆ 400 ಡಾಲರ್ ಖರ್ಚಾಯಿತು. ಮ್ಯಾಗ್ನೆಟೋ ಬಿಡಬೇಕೆಂದು ತೀರ್ಮಾನಿಸಿದ್ದು ಆ ಮುರಿದ ಪಿಸ್ಟನ್ನನ್ನು ಕೈಯಲ್ಲಿ ಹಿಡಿದಾಗ.

ಎಮ್‌ಗೆ ಕಂಪನಿಯೇ ಕೊಡುತ್ತಿದ್ದ ಬ್ಯಾಟರಿ ಇಗ್ನಿಷನ್ನಿನ ಡಿಸ್ಟ್ರಿಬ್ಯೂಟರ್ (ಸಿಲಿಂಡರುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಮ್ಯಾಗ್ನೆಟೋ ಇದ್ದ ಜಾಗಕ್ಕೇ ಬೋಲ್ಟ್ ಆಗುತ್ತದೆ, ಒಳಗೆ ತೂಕ ಮತ್ತು ಸ್ಪ್ರಿಂಗಿನ ಅಡ್ವಾನ್ಸೂ ಇರುತ್ತದೆ. ಗುಜರಿಯಲ್ಲಿ 150 ಡಾಲರಿಗೆ ಒಂದು ಸಿಕ್ಕಿತು. ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಕಣ್ಣಿಗೇ ಕಾಣುವಷ್ಟು ಪ್ಲೇ ಇತ್ತು. ಅದನ್ನು ಹಾಗೆಯೇ ಹಾಕಿ, ಟ್ರ್ಯಾಕ್ಟರಿನ ಮೂಲ 6 ವೋಲ್ಟಿನಲ್ಲಿ ಓಡಿಸಿ ನೋಡಿದ್ದು ನನ್ನ ತಪ್ಪು. ಟೈಮಿಂಗ್ ಲೈಟ್ ಹಿಡಿದರೆ ಪುಲಿಯ ಮೇಲಿನ ಬಿಳಿ ಗುರುತು ಒಂದು ಕಡೆ ನಿಲ್ಲದೆ ಐದಾರು ಡಿಗ್ರಿ ಅತ್ತಿತ್ತ ಕುಣಿಯುತ್ತಿತ್ತು. ಶಾಫ್ಟನ್ನು ಹಿಡಿದಿಡುವ ಬುಷ್ ಬದಲಿಸಲು ಲೇತಿನವರಿಗೆ 60 ಡಾಲರ್ ಕೊಟ್ಟ ಮೇಲೆ ಗುರುತು ನಿಂತಿತು. ಎಷ್ಟು ದುಬಾರಿಯ ಮಾಡ್ಯೂಲ್ ಹಾಕಿದರೂ ಬುಷ್ ಸವೆದಿದ್ದರೆ ಪ್ರಯೋಜನವಿಲ್ಲ.

ಆಮೇಲೆ 12 ವೋಲ್ಟಿಗೆ ಬದಲಾಯಿಸಿ, ಮೂಲದ ಪಾಸಿಟಿವ್ ಅರ್ತನ್ನು (ಟ್ರ್ಯಾಕ್ಟರಿನ ಮೈಗೆ ಜೋಡಿಸುವ ಬ್ಯಾಟರಿಯ ತುದಿಯನ್ನು) ನೆಗೆಟಿವ್ ಅರ್ತಿಗೆ ತಿರುಗಿಸಿದೆ. ಮನೆಯಲ್ಲಿ ಬಿದ್ದಿದ್ದ ಒಂದೂವರೆ ಓಮ್ ಕಾಯಿಲನ್ನು ಕರೆಂಟನ್ನು ಮಿತಿಯಲ್ಲಿಡುವ ಬ್ಯಾಲಸ್ಟ್ ರೆಸಿಸ್ಟರ್ ಇಲ್ಲದೆ ನೇರವಾಗಿ ಕೊಟ್ಟದ್ದರಿಂದ ಎಂಟು ಆಂಪಿಯರ್ ಹರಿದು, ಎರಡೇ ಪುಲ್‌ನಲ್ಲಿ ಪಾಯಿಂಟುಗಳು ನೀಲಿಗಟ್ಟಿದವು. ಮೂರು ಓಮ್ ಕಾಯಿಲ್ ತಂದು, ಪಾಯಿಂಟ್ ತೆಗೆದು, ರೋಟರಿನ ಅಡಿಯಲ್ಲಿ ಆಯಸ್ಕಾಂತದ ಬಳೆ ಕೂರುವಂಥ ಹಾಲ್ ಮಾಡ್ಯೂಲ್ (ಪಾಯಿಂಟಿನ ಬದಲು ಆ ಆಯಸ್ಕಾಂತವನ್ನು ಗುರುತಿಸಿ ಕಿಡಿ ಹೊಡೆಸುವ ಎಲೆಕ್ಟ್ರಾನಿಕ್ ಭಾಗ) ಹಾಕಿದೆ. ಅದರ ಬೆಲೆ ಆಗ 110 ಡಾಲರ್ ಇತ್ತೆಂದು ನೆನಪು.

ಆ ಮೊದಲ ಮಾಡ್ಯೂಲ್ ಒಂದು ವಾರವೂ ಬಾಳಲಿಲ್ಲ. ವೈರಿಂಗ್ ಅಳೆಯುತ್ತ ಇಂಜಿನ್ ಓಡದೆ ಇರುವಾಗ ಕೀ ಆನ್ ಮಾಡಿಟ್ಟೇ ಊಟಕ್ಕೆ ಹೋಗಿದ್ದೆ. ನಲವತ್ತು ನಿಮಿಷ ಬಿಟ್ಟು ಬಂದಾಗ ಕಾಯಿಲ್ ಕೈ ಇಡಲಾರದಷ್ಟು ಕಾದಿತ್ತು, ಮಾಡ್ಯೂಲ್ ಸತ್ತಿತ್ತು. ಎರಡನೆಯದನ್ನು ತರಿಸಿದ ದಿನವೇ ಡ್ಯಾಶಿನ ಮೇಲೆ ಒಂದು ಕೆಂಪು ದೀಪ ಹಾಕಿದೆ, ಕೀ ಆನ್ ಇದ್ದಷ್ಟು ಹೊತ್ತೂ ಅದು ಉರಿಯುತ್ತದೆ.

ಎರಡನೆಯ ಮಾಡ್ಯೂಲಿನಲ್ಲೂ ಒಂದು ತೊಂದರೆ ಉಳಿದಿತ್ತು. 1500 ದಾಟಿದ ಮೇಲೆ ಇಂಜಿನ್ ಯಾರೋ ಸ್ವಿಚ್ ಆರಿಸಿದಂತೆ ಕ್ಷಣಕಾಲ ಕಡಿದು ಮತ್ತೆ ಹಿಡಿಯುತ್ತಿತ್ತು. ಇದಕ್ಕೆ ಎರಡು ಕಾರಣಗಳು ಸಿಕ್ಕವು. ಮೊದಲನೆಯದು, ಮ್ಯಾಗ್ನೆಟೋ ಕಾಲದ ತಾಮ್ರದ ಎಳೆಯ ಪ್ಲಗ್ ವೈರುಗಳನ್ನೇ ನಾನು ಉಳಿಸಿಕೊಂಡಿದ್ದೆ. ಅವು ಹೊರಸೂಸುವ ಅಡಚಣೆ ಮಾಡ್ಯೂಲಿನ ತಲೆ ಕೆಡಿಸುತ್ತದೆ. ಸುರುಳಿ ಎಳೆಯ ಸಪ್ರೆಷನ್ ವೈರು ಹಾಕಿದಾಗ ಮುಕ್ಕಾಲು ಪಾಲು ಸರಿಹೋಯಿತು. ಎರಡನೆಯದನ್ನು ಹುಡುಕಲು ಒಂದು ಭಾನುವಾರ ಪೂರ್ತಿ ಹಿಡಿಯಿತು. ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೂ ಓಡುವಾಗ ಕಾಯಿಲಿನ ತುದಿಯಲ್ಲಿ 10.1 ಮಾತ್ರ ಇತ್ತು. ವೈರಿನ ಒಂದೊಂದೇ ಕೀಲಿಗೆ ಮಲ್ಟಿಮೀಟರಿನ ಕಡ್ಡಿ ಇಡುತ್ತ ಬಂದಾಗ, ಎಪ್ಪತ್ತು ವರ್ಷದ ಹಳೆಯ ಸ್ವಿಚ್ಚೊಂದೇ ಸುಮಾರು ಎರಡು ವೋಲ್ಟ್ ನುಂಗುತ್ತಿರುವುದು ಗೊತ್ತಾಯಿತು. ಬಿಚ್ಚಿ ನೋಡಿದರೆ ಒಳಗಿನ ಹಿತ್ತಾಳೆಯ ಪಟ್ಟಿಯ ಮೇಲೆ ಹಸಿರು ಕಿಲುಬು ಹಪ್ಪಳದಂತೆ ಎದ್ದಿತ್ತು. ಸ್ವಿಚ್ಚನ್ನು ಉಜ್ಜಿ ಶುದ್ಧಮಾಡಿ, ಅದು ರಿಲೇಯನ್ನು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಯಿಸುವ ಸ್ವಿಚ್ಚನ್ನು) ಮಾತ್ರ ಎಳೆಯುವಂತೆ ಮಾಡಿ, ರಿಲೇ ಮೂಲಕ ಬ್ಯಾಟರಿಯಿಂದ ನೇರವಾಗಿ ಕಾಯಿಲಿಗೆ ಕೊಟ್ಟೆ. ಎಂಟು ಡಾಲರಿನ ರಿಲೇಯಿಂದ ಕಾಯಿಲಿಗೆ 12.3 ವೋಲ್ಟ್ ಬಂತು. ನಾನು ಮಾಡಿದ ಎಲ್ಲ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಆ ಎಂಟು ಡಾಲರ್.

ಸ್ಲೆಡ್ಡಿನ ಕೊಂಡಿ ಕಿತ್ತುಹೋದರೆ ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ವಿಷಯದಲ್ಲಿ ಯಾರೂ ಅಸಡ್ಡೆ ಮಾಡಬಾರದು. ಮ್ಯಾಗ್ನೆಟೋ ನಿಲ್ಲುವುದು ಅದರ ತಂತಿಯನ್ನು ಅರ್ತ್ ಮಾಡಿದಾಗ, ಬ್ಯಾಟರಿ ಇಗ್ನಿಷನ್ ನಿಲ್ಲುವುದು ವಿದ್ಯುತ್ತನ್ನು ಕಡಿದಾಗ. ಸ್ಲೆಡ್ಡಿನ ಹಗ್ಗ ಕಟ್ಟುವ ಹಳೆಯ ಸ್ವಿಚ್ಚನ್ನೇ ಉಳಿಸಿಕೊಂಡರೆ ಕೊಂಡಿ ಕಿತ್ತಾಗ ಇಂಜಿನ್ ನಿಲ್ಲುವುದಿಲ್ಲ ಅಥವಾ ವೈರು ಸುಟ್ಟುಹೋಗುತ್ತದೆ. ನಾನು ಎಳೆದರೆ ಸರ್ಕ್ಯೂಟ್ ಕಡಿಯುವಂಥ ಸ್ವಿಚ್ ಹಾಕಿ, ಮನೆಯಲ್ಲೇ ಇಂಜಿನ್ ಓಡಿಸಿ ಹತ್ತು ಸಲ ಎಳೆದು ನೋಡಿದ ಮೇಲೆಯೇ ಟ್ರ್ಯಾಕಿಗೆ ಕೊಂಡೊಯ್ದೆ. ಆಲ್ಟರ್ನೇಟರನ್ನು ನಾನು ಇಡಲೇ ಇಲ್ಲ. ಇಗ್ನಿಷನ್ ಎಳೆಯುವುದು ನಾಲ್ಕು ಆಂಪಿಯರಿಗಿಂತ ಕಡಿಮೆ, ಒಂದು ಸಂಜೆಯ ಪುಲ್ಲುಗಳಿಗೆ ಚಾರ್ಜ್ ಆದ ಬ್ಯಾಟರಿಯೊಂದೇ ಧಾರಾಳವಾಗಿ ಸಾಕು, ಬೆಲ್ಟಿನ ಹೊರೆಯೂ ಉಳಿಯುತ್ತದೆ.

ಅಡ್ವಾನ್ಸಿನ ಲೆಕ್ಕಕ್ಕೆ ಬರುತ್ತೇನೆ. 1600ರ ಮೇಲೆ ಒಟ್ಟು 28 ಡಿಗ್ರಿ ಇರುವಂತೆಯೂ, ಇಂಜಿನ್ 1000ಕ್ಕೆ ಇಳಿದಾಗ 20ರ ಆಸುಪಾಸಿಗೆ ಹಿಂದೆ ಬರುವಂತೆಯೂ ಹೊಂದಿಸಿದ್ದೇನೆ. ಇದು ನನ್ನ ಕಂಪ್ರೆಷನ್ನಿಗೆ, ನನ್ನ ಪೆಟ್ರೋಲಿಗೆ ಒಪ್ಪಿದ್ದು, ನಿಮ್ಮದಕ್ಕೆ ನೀವೇ ಹುಡುಕಿಕೊಳ್ಳಬೇಕು. ಎರಡು ಸ್ಪ್ರಿಂಗುಗಳಲ್ಲಿ ಯಾವುದನ್ನು ಬದಲಿಸಿದೆ, ಅದು ಯಾವ ಯಂತ್ರದ್ದು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ನಾನು ಒಂದು ಚಳಿಗಾಲವನ್ನೇ ಕಳೆದಿದ್ದೇನೆ, ನಮ್ಮ ವರ್ಗದಲ್ಲಿ ನನ್ನ ಎದುರು ಎಳೆಯುವವರು ನಾಲ್ವರಾದರೂ ಇದನ್ನು ಓದುತ್ತಾರೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಪ್ಲಗ್ ಗ್ಯಾಪ್ 25 ಥೌನಿಂದ 35ಕ್ಕೆ ಏರಿಸಿದಾಗ ಐಡಲಿನಲ್ಲೇ ವ್ಯತ್ಯಾಸ ಕೇಳಿಸಿತು, ಆದರೆ 45ಕ್ಕೆ ಹೋದಾಗ ಹೊರೆಯಲ್ಲಿ ಮತ್ತೆ ಮಿಸ್ ಹೊಡೆಯಿತು. ಕತ್ತಲಲ್ಲಿ ನೋಡಿದರೆ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಹೊರಮೈ ಮೇಲೆ ನೀಲಿ ಕಿಡಿ ಹರಿದಾಡುತ್ತಿತ್ತು, ಆದ್ದರಿಂದ 35ಕ್ಕೇ ನಿಲ್ಲಿಸಿದೆ. ವಾಷರ್ ಹಾಕಿ ಪ್ಲಗ್ಗುಗಳ ಬಾಯಿಯನ್ನೆಲ್ಲ ವಾಲ್ವಿನ ಕಡೆಗೆ ತಿರುಗಿಸುವ ಕೆಲಸವನ್ನು ಎರಡು ಸಂಜೆ ಕುಳಿತು ಮಾಡಿದೆ, ಒಂದಡಿಯ ಲಾಭವೂ ಕಾಣಲಿಲ್ಲ. ಕಾಯಿಲನ್ನು ಇಂಜಿನ್ನಿನಿಂದ ತೆಗೆದು ಸ್ಟೀರಿಂಗ್ ಕಂಬದ ಹಿಂದೆ ರಬ್ಬರಿನ ಮೇಲೆ ಕೂರಿಸಿದ್ದು ಮಾತ್ರ ಒಳ್ಳೆಯದಾಯಿತು, ಬಿಸಿಲಿನಲ್ಲಿ ಎಷ್ಟು ಹೊತ್ತು ನಿಂತರೂ ಈಗ ಅದು ಬೆಚ್ಚಗಷ್ಟೇ ಇರುತ್ತದೆ.

ಸುಟ್ಟ ಮಾಡ್ಯೂಲು, ಹಾಳಾದ ಪಾಯಿಂಟು ಎಲ್ಲ ಸೇರಿಸಿದರೆ ಈ ಬದಲಾವಣೆಗೆ 650ರಿಂದ 700 ಡಾಲರ್ ಆಗಿರಬಹುದು. ತಪ್ಪುಗಳಿಲ್ಲದೆ ಮಾಡಿದ್ದರೆ 450ರಲ್ಲಿ ಮುಗಿಯುತ್ತಿತ್ತು. ಮ್ಯಾಗ್ನೆಟೋ ಮತ್ತು ಪಿಸ್ಟನ್ನಿಗೆ ಸುರಿದ 750 ಇದರಲ್ಲಿ ಸೇರಿಲ್ಲ. ಕೊಳ್ಳುವ ಮೊದಲು ನಿಮ್ಮ ಕ್ಲಬ್ಬಿನ ನಿಯಮ ಓದಿಕೊಳ್ಳಿರಿ. ಕೆಲವು ಕಡೆ ಮೂಲಸ್ಥಿತಿಯ ವರ್ಗದಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ನಿಗೆ ಅವಕಾಶವಿಲ್ಲ.

ಆಗಸ್ಟಿನ ಆ ಪುಲ್ಲಿನ ವಿಡಿಯೋವನ್ನೂ ಹಾಗೆಯೇ ನಿಧಾನಗೊಳಿಸಿ ಕೇಳಿದೆ. 270 ಅಡಿಯ ನಂತರ ಇಂಜಿನ್ ಸಾವಿರಕ್ಕಿಂತಲೂ ಕೆಳಗೆ ಇಳಿದಿದೆ, ಬಡಿತ ಒಂದೂ ತಪ್ಪಿಲ್ಲ. ಟ್ರೇಲರಿಗೆ ಹತ್ತಿಸುವ ಮುನ್ನ ಪ್ಲಗ್ ಬಿಚ್ಚಿ ಹುಬ್ಬಳ್ಳಿಯ ಮಿತ್ರರ ಕೈಗೆ ಕೊಟ್ಟೆ, ನಾಲ್ಕೂ ಒಂದೇ ಸಮನಾಗಿ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕಿದ್ದವು. ಅವರು ಬಹಳ ಹೊತ್ತು ತಿರುಗಿಸಿ ನೋಡಿ, ತಮ್ಮ ಫಾರ್ಮಾಲ್ ಎಚ್‌ಗೆ ಡಿಸ್ಟ್ರಿಬ್ಯೂಟರ್ ಎಲ್ಲಿ ಸಿಕ್ಕೀತು ಎಂದು ಕೇಳಿದರು. ನನ್ನ ಹಳೆಯ ಎಚ್-4 ಎಣ್ಣೆಬಟ್ಟೆಯಲ್ಲಿ ಸುತ್ತಿ ಅಲಮಾರಿನಲ್ಲಿದೆ, ಅವರ ಡಿಸ್ಟ್ರಿಬ್ಯೂಟರಿನ ಬುಷ್ ಕೆಲಸ ಮುಂದಿನ ತಿಂಗಳು ಶುರುಮಾಡುತ್ತೇವೆ.