ಬೀಡಿನ ಜಾಲರಿ ಮತ್ತು ಕೊಡಗಿನ ಮಳೆ

ನಮ್ಮ ಹೋಂಸ್ಟೇಗೆ ಬರುವವರು ಕೋಣೆ ಕಾಯ್ದಿರಿಸುವ ಮೊದಲೇ ಬಾರ್ಬೆಕ್ಯೂ ಇದೆಯೇ ಎಂದು ಕೇಳುತ್ತಾರೆ. ಇದೆ. ಮಡಿಕೇರಿಯ ಆಚೆ, ಕಾಫಿ ತೋಟದ ಅಂಗಳದಲ್ಲಿ ಇದ್ದಿಲಿನ ಒಲೆ, ಅದರ ಮೇಲೆ ಬೀಡು ಕಬ್ಬಿಣದ ಭಾರವಾದ ಜಾಲರಿ. ಸ್ಟೀಲಿನದನ್ನು ಇಟ್ಟಿದ್ದರೆ ತೊಳೆಯುವುದು ಸುಲಭವಾಗುತ್ತಿತ್ತು. ಆದರೆ ದಪ್ಪನೆಯ ಬೀಡು ಒಮ್ಮೆ ಕಾದರೆ ತಣ್ಣನೆಯ ಮಾಂಸ ಬಿದ್ದರೂ ಬೇಗ ಆರುವುದಿಲ್ಲ. ಹಂದಿಮಾಂಸದ ಮೇಲೆ ಕಡುಕಂದು ಗೆರೆ ಮೂಡಬೇಕೆಂದರೆ ಅದರ ಚಾಕರಿ ಮಾಡಲೇಬೇಕು.

ಈ ಚಾಕರಿಯಲ್ಲಿ ಮೊದಲು ಕಲಿಯಬೇಕಾದದ್ದು ಯಾವ ಕಪ್ಪು ಯಾವುದು ಎಂದು ಗುರುತಿಸುವುದನ್ನು. ಎಣ್ಣೆ ಕಾದು ಗಟ್ಟಿಯಾಗಿ ಲೋಹಕ್ಕೆ ಕಚ್ಚಿಕೊಂಡ ಪದರ ಒಂದು. ಬೆರಳಾಡಿಸಿದರೆ ನುಣುಪು, ಪಳಗಿದ ದೋಸೆ ಕಾವಲಿಯ ಮೈಯಂತೆ. ಮಸಾಲೆ, ಕೊಬ್ಬು ಸುಟ್ಟು ಕೂತ ಕರಿ ಇನ್ನೊಂದು. ಉಗುರು ತಾಗಿದರೆ ಹಕ್ಕಳೆಯಾಗಿ ಏಳುತ್ತದೆ, ನಾಲಿಗೆಗೆ ಕಹಿ. ಉಳಿಯಬೇಕಾದದ್ದು ಮೊದಲನೆಯದು, ಹೋಗಬೇಕಾದದ್ದು ಎರಡನೆಯದು. ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ಸೋಪಿನ ಪುಡಿ ಹಾಕಿ ಎರಡನ್ನೂ ಉಜ್ಜಿ, ಬೂದುಬಣ್ಣದ ಲೋಹ ಹೊಳೆಯುವಂತೆ ಮಾಡಿ ತೋರಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಅದಕ್ಕೆ ಕೆಂಪು ತುಕ್ಕು.

ಕೊನೆಯ ತುಂಡು ಇಳಿದ ಮೇಲೆ, ಕೆಂಡ ಇರುವಾಗಲೇ, ಜಾಲರಿಯನ್ನು ಹತ್ತು ಹದಿನೈದು ನಿಮಿಷ ಖಾಲಿ ಕಾಯಲು ಬಿಡುತ್ತೇನೆ. ಅಂಟಿದ್ದೆಲ್ಲ ಒಣಗಿ ಸಡಿಲವಾಗುತ್ತದೆ. ಆಮೇಲೆ ಮರದ ಹಲಗೆಯಿಂದ ಕೆರೆಯುತ್ತೇನೆ. ಕಿತ್ತು ಹಾಕಿದ ಹಳೆಯ ರೊಬಸ್ಟಾ ಕಾಫಿ ಗಿಡದ ಕಾಂಡದಿಂದ ಮಾಡಿಸಿದ ಹಲಗೆ ಅದು. ಕಾದ ಸರಳುಗಳ ಮೇಲೆ ಆಡಿ ಆಡಿ ಅಂಚು ಸುಟ್ಟು, ಸರಳಿನ ಅಳತೆಗೇ ಕಚ್ಚು ಬಿದ್ದಿದೆ. ಈಗ ಸರಳಿನ ಪಕ್ಕೆಗಳಿಗೂ ಸರಿಯಾಗಿ ಕೂರುತ್ತದೆ. ತಂತಿ ಬ್ರಷ್ ನಮ್ಮ ಅಂಗಳಕ್ಕೆ ನಿಷಿದ್ಧ. ಉದುರಿದ ತಂತಿ ಮಾಂಸದ ಜೊತೆ ಹೊಟ್ಟೆ ಸೇರಿ ಗಂಟಲು, ಕರುಳಿಗೆ ಚುಚ್ಚಿದ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲೇ ವರದಿ ಮಾಡಿದೆ.

ಕಾದ ಬೀಡಿಗೆ ತಣ್ಣೀರು ಮಾತ್ರ ತಾಗಬಾರದು. ಬೆಂಕಿ ಆರಿಸುವ ಉತ್ಸಾಹದಲ್ಲಿ ಅತಿಥಿಯೊಬ್ಬರು ಬಕೆಟ್ ನೀರು ಸುರಿದಾಗ ಒಂದು ಸರಳು ಟಪ್ಪೆಂದು ಬಿರಿಯಿತು. ಸಾಮಾನ್ಯ ವೆಲ್ಡಿಂಗ್ ಬೀಡಿಗೆ ನಿಲ್ಲುವುದಿಲ್ಲ, ಬೆಸೆದ ಪಕ್ಕದಲ್ಲೇ ಮತ್ತೆ ಬಿರುಕು ಬಿಡುತ್ತದೆ.

ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ನಿಂಬೆರಸ, ಮೊಸರು ಹಚ್ಚಿದ ಮಾಂಸ ಬೇಯಿಸಿದ ರಾತ್ರಿ ಎಣ್ಣೆ ಸವರದೆ ಮಲಗುವುದಿಲ್ಲ. ಹುಳಿ ಆ ನುಣುಪಾದ ಎಣ್ಣೆಯ ಪದರವನ್ನು ತಿನ್ನುತ್ತದೆ. ತುಕ್ಕು ಹಿಡಿದೇ ಬಿಟ್ಟಿದ್ದರೆ ಕಲ್ಲುಪ್ಪು, ತೆಂಗಿನ ನಾರು ಹಾಕಿ ತಿಕ್ಕುತ್ತೇನೆ. ಅದಕ್ಕೂ ಬಗ್ಗದಿದ್ದರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ಮುಳುಗಿಸುತ್ತೇನೆ, ಹೆಚ್ಚು ಹೊತ್ತು ಬಿಟ್ಟರೆ ಕಬ್ಬಿಣವೇ ಕರಗುತ್ತದೆ. ತೊಳೆದು, ಒಲೆಯ ಮೇಲೆ ಪೂರ್ತಿ ಒಣಗಿಸಿ, ಬೆಚ್ಚಗಿರುವಾಗಲೇ ಸೂರ್ಯಕಾಂತಿ ಎಣ್ಣೆ ಸವರುತ್ತೇನೆ. ಕೈಗೆ ಸಿಗುವುದು ತೆಂಗಿನೆಣ್ಣೆಯಾದರೂ ಅದು ಬೇಡ: ಅದರ ಕೊಬ್ಬು ಬಹುಪಾಲು ಸಂತೃಪ್ತವಾದ್ದರಿಂದ ಕಾಸಿದರೂ ಗಟ್ಟಿ ಪದರವಾಗಿ ಕೂರುವುದಿಲ್ಲ. ಸವರಿದ ಎಣ್ಣೆಯನ್ನು ಒಣ ಬಟ್ಟೆಯಿಂದ, ಹಚ್ಚಿದ್ದೇ ತಪ್ಪೆಂಬಂತೆ, ಒರೆಸಿ ತೆಗೆಯಬೇಕು. ಎಣ್ಣೆ ದಪ್ಪವಾಗಿ ನಿಂತರೆ ಪದರವಾಗುವ ಬದಲು ಅಂಟಂಟಾಗುತ್ತದೆ. ಆಮೇಲೆ ಮುಚ್ಚಳ ಮುಚ್ಚಿ 200 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖದಲ್ಲಿ ಸುಮಾರು ಒಂದು ಗಂಟೆ. ಇದೇ ಕೆಲಸ ಎರಡು ಮೂರು ಸಲ.

ಜೂನ್ ಬಂತೆಂದರೆ ಜಾಲರಿ ಅಂಗಳದಲ್ಲಿ ಇರುವುದಿಲ್ಲ. ಒಲೆಗೆ ಮುಚ್ಚಳ ಇದ್ದರೂ ಒಳಗಿನ ಬೂದಿ ತೇವ ಹೀರಿಕೊಂಡು ಕೂತಿರುತ್ತದೆ, ಕಬ್ಬಿಣಕ್ಕೆ ಅದು ಮಳೆಗಿಂತ ಕೆಟ್ಟದ್ದು. ಬೂದಿಯನ್ನೆಲ್ಲ ಬಳಿದು ತೆಗೆದು, ಜಾಲರಿಗೆ ತೆಳ್ಳಗೆ ಎಣ್ಣೆ ಹಚ್ಚಿ, ಹಳೆಯ ಪತ್ರಿಕೆ ಸುತ್ತಿ ಅಡುಗೆಮನೆಯ ಸೌದೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತೇನೆ. ಪ್ಲಾಸ್ಟಿಕ್ ಸುತ್ತಿದರೆ ಒಳಗೇ ಬೆವರುತ್ತದೆ. ಎನಾಮಲ್ ಲೇಪಿಸಿದ ಜಾಲರಿಗೆ ಈ ಪಳಗಿಸುವ ಕೆಲಸ ಬೇಕಿಲ್ಲ. ಆದರೆ ಲೇಪನ ಚಕ್ಕೆಯಾಗಿ ಏಳಲು ಶುರುವಾದರೆ ಬದಲಾಯಿಸುವುದೇ ಸರಿ.