ಗೋವಿನಜೋಳಕ್ಕೆ ಒಂದಡಿ ಬೇಡ, ಒಂದು ಗೇಣು ಸಾಕು

ರಾಣೆಬೆನ್ನೂರು ಕಡೆಯ ಎರೆಹೊಲ, ಬೋರ್‌ವೆಲ್ ನೀರು. ಸಾಲಿಂದ ಸಾಲಿಗೆ ಎರಡಡಿ ಹಾಗೇ ಇಟ್ಟು, ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಇದ್ದದ್ದನ್ನು 22ಕ್ಕೆ ಇಳಿಸಿದೆ. ತೆನೆ ಬೆರಳುದ್ದ ಬರ್ತದೆ ಅಂದವರೇ ಈಗ ಅಳತೆ ಕೇಳ್ತಾರೆ.

ತೆನೆ ಸಣ್ಣದಾಗೋದು ಸುಳ್ಳಲ್ಲ. 130 ಗ್ರಾಂ ಕಾಳು ಕೊಡುತ್ತಿದ್ದದ್ದು 115ರ ಆಸುಪಾಸಿಗೆ ಬಂತು. ಆದರೆ ಎಕರೆಗೆ 22 ಸಾವಿರ ಗಿಡ ಇದ್ದ ಕಡೆ 30 ಸಾವಿರ ಕೂರುತ್ತವೆ. 26 ಕ್ವಿಂಟಲ್‌ಗೆ ನಿಲ್ಲುತ್ತಿದ್ದ ಹೊಲ 30 ದಾಟಿತು. ಹೆಚ್ಚಿನ ಖರ್ಚು ಅಂದರೆ ಅರ್ಧ ಪಾಕೀಟು ಬೀಜ, ಒಂದು ಚೀಲ ಯೂರಿಯಾ, ತೆನೆ ಮುರಿಯುವ ಕೂಲಿ: ಎಲ್ಲ ಸೇರಿ ಎರಡೂವರೆ ಸಾವಿರ. ಕ್ವಿಂಟಲ್‌ಗೆ ಎರಡು ಸಾವಿರ ಸಿಕ್ಕರೂ ಐದೂವರೆ ಸಾವಿರದ ಮೇಲೆ ಕೈಗುಳಿಯಿತು.

ಇನ್ನೂ ಒತ್ತಿ 15 ಸೆಂ.ಮೀ.ಗೂ ಹಾಕಿ ನೋಡಿದ್ದಾಯಿತು. ಸೂಲಂಗಿ (ಗಿಡದ ತುದಿಯ ಗಂಡು ಹೂ) ಒಡೆದು ದಿನ ಕಳೆದರೂ ತೆನೆಯ ರೇಷ್ಮೆ (ಪರಾಗ ಹಿಡಿಯುವ ಎಳೆ) ಹೊರಬರಲಿಲ್ಲ. ತೆನೆ ತುಂಬ ಹಲ್ಲುದುರಿದ ಬಾಯಿಯಂತೆ ಸಂದು, ಎಷ್ಟೋ ಗಿಡ ಬಂಜೆ, ಮೇಲೆ ಗಾಳಿಗೆ ಮಲಗಿದವು ಬೇರೆ.

ಅಂತರಕ್ಕಿಂತ ದೊಡ್ಡ ಕಾಟ ಬಿತ್ತನೆಯ ಏರುಪೇರು. ಟ್ರ್ಯಾಕ್ಟರ್ ಜೋರಾಗಿ ಓಡಿಸಿದರೆ ಒಂದು ಕಡೆ ಎರಡು ಕಾಳು, ಮುಂದೆ ಒಂದೂವರೆ ಅಡಿ ಬಯಲು. ಬಿತ್ತುವ ಯಂತ್ರದಲ್ಲಿ ಕಾಳು ಬಿಡುವ ತಟ್ಟೆಯ ತೂತು ಕಾಳಿನ ಗಾತ್ರಕ್ಕೆ ಹೊಂದದಿದ್ದರೂ ಇದೇ ಕಥೆ. ಪಾಕೀಟು ಬದಲಾದಾಗ ತಟ್ಟೆಯನ್ನೂ ನೋಡಬೇಕು. ಕಾಳು ಎಲ್ಲ ಕಡೆ ಎರಡು ಇಂಚು ಆಳಕ್ಕೇ ಬೀಳಬೇಕು. ಮೇಲೆ ಬಿದ್ದದ್ದು ತೇವ ಸಿಗದೆ ವಾರ ತಡವಾಗಿ ಹುಟ್ಟುತ್ತದೆ. ಅಕ್ಕಪಕ್ಕದ ಗಿಡದ ನೆರಳಲ್ಲಿ ಅದು ಕಳೆಯೇ ಸರಿ. ವಾರದ ಮೇಲೆ ಸಂದು ತುಂಬಲು ಕಾಳು ಊರುವುದೂ ದಂಡ. ಜೋಡಿ ಗಿಡವನ್ನು ಮಾತ್ರ ಹನ್ನೆರಡು ದಿನದೊಳಗೆ ಕಿತ್ತು ಒಂದು ಮಾಡಿ.

6.75 ಮೀಟರ್ ಹಗ್ಗ ಸಾಲಿಗೆ ಹಿಡಿದು ಗಿಡ ಎಣಿಸಿ, ಸಾವಿರದಿಂದ ಗುಣಿಸಿದರೆ ಎಕರೆಯ ಲೆಕ್ಕ. 28ರಿಂದ 30 ಇದ್ದರೆ ಸರಿ. ಒಂದೇ ಕಡೆ ಎಣಿಸಿ ಖುಷಿಪಡಬೇಡಿ, ನಾಲ್ಕೈದು ಕಡೆ ಹಿಡಿಯಿರಿ.

ಯೂರಿಯಾ ಮೂರು ಕಂತು: ಬಿತ್ತುವಾಗ ಸ್ವಲ್ಪ, ಮೊಣಕಾಲೆತ್ತರಕ್ಕೆ ಹೆಚ್ಚು, ಸೂಲಂಗಿಗೆ ಮುಂಚೆ ಉಳಿದದ್ದು. ತಳಿ ಯಾವುದು, ಬೀಜಕ್ಕೆ ಏನು ಸವರುತ್ತೇನೆ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ.

ಒಂದೂವರೆ ಅಡಿಗೆ ಎರಡೆರಡು ಕಾಳು ಊರಿಯೂ ನೋಡಿದೆ. ಕಳೆ ತೆಗೆಯಲು ಸಲೀಸು, ಆದರೆ ಜೋಡಿಯಲ್ಲಿ ಒಂದರ ತೆನೆ ಯಾವಾಗಲೂ ಕಿರಿದು. ಮಳೆ ನಂಬಿದ ಕೆಂಪು ಮಸಾರಿಯಲ್ಲಿ ಈ ಗೇಣಿನ ಅಳತೆ ಹಾಕಬೇಡಿ. ಅಲ್ಲಿ ನಾನೂ ಒಂದಡಿಯೇ ಬಿಡೋದು.