ಕುಕಡಿ ಹೊಳೆಯ ಹರವಿಗಳು: ಪುಣೆಯಲ್ಲಿ ನಾನು ಕಲ್ಲು ಓದಲು ಕಲಿತದ್ದು

ನಾನು ಬೆಳೆದದ್ದು ಬಾದಾಮಿ ಹತ್ತಿರ. ಅಲ್ಲಿ ಕಲ್ಲು ಅಂದರೆ ಕೆಂಪು ಮರಳುಗಲ್ಲು. ಹತ್ತಿರ ಹೋಗಿ ನೋಡಿದರೆ ಪದರದ ಮೇಲೆ ಪದರ, ಅದರೊಳಗೆ ಓರೆ ಗೆರೆಗಳು. ಯಾವುದೋ ಕಾಲದಲ್ಲಿ ನೀರು ಮರಳನ್ನು ಯಾವ ದಿಕ್ಕಿಗೆ ತಳ್ಳಿಕೊಂಡು ಹೋಗಿತ್ತು ಅನ್ನೋದು ಆ ಗೆರೆಗಳಲ್ಲೇ ಕಾಣುತ್ತದೆ. ಕೆಲಸಕ್ಕೆಂದು ಪುಣೆಗೆ ಬಂದಾಗ ಸುತ್ತಲೂ ಕಂಡದ್ದು ಬರೀ ಕರಿಕಲ್ಲು. ಗುಡ್ಡವೂ ಕರಿ, ಹೊಳೆಯ ತಳವೂ ಕರಿ, ಕೋಟೆಯ ಗೋಡೆಯೂ ಕರಿ. ಇದರಲ್ಲಿ ನೋಡೋದು ಏನಿದೆ ಅಂತ ಅಂದುಕೊಂಡೆ. ಎರಡು ವರ್ಷ ಸಿಂಹಗಡ, ರಾಜಗಡ, ತೋರಣಾ ಅಂತ ಬೆಟ್ಟದ ಕೋಟೆಗಳನ್ನು ಹತ್ತಿ ಇಳಿದೆ. ಮೇಲೆ ನಿಂತು ದೂರದ ಬೆಟ್ಟಸಾಲು ನೋಡಿ, ಪಿಠಲಾ ಭಾಕರಿ ತಿಂದು ಬಂದೆ. ಕಾಲಕೆಳಗಿನ ಕಲ್ಲನ್ನು ಒಮ್ಮೆಯೂ ನೋಡಲಿಲ್ಲ.

ಅದನ್ನು ನೋಡಲು ಕಲಿಸಿದವರು ಪುಣೆಯ ವೇತಾಳ ಟೇಕಡಿ ಅನ್ನುವ ಗುಡ್ಡದಲ್ಲಿ ಬೆಳಿಗ್ಗೆ ವಾಕಿಂಗ್‌ಗೆ ಬರುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರು. ಭೂವಿಜ್ಞಾನ ಕಲಿಸುತ್ತಿದ್ದವರು. ಟೇಕಡಿ ಮೇಲೆ ಹಳೆಯ ಕಲ್ಲಿನ ಕ್ವಾರಿ ಇದೆ. ನಾನು ಅದರ ಅಂಚಿನಲ್ಲಿ ನಿಂತು ಊರಿನ ಫೋಟೋ ತೆಗೆಯುತ್ತಿದ್ದೆ. ಅವರು, "ಅಹೋ, ತಿಕಡೆ ಕಾಯ್ ಬಘತಾ? ಖಾಲೀ ಬಘಾ" ಅಂದರು. ಅಲ್ಲೇನು ನೋಡ್ತೀರಿ, ಕೆಳಗೆ ನೋಡಿ ಅಂತ. ಆಮೇಲೆ ನನ್ನನ್ನು ಕ್ವಾರಿಯ ಬುಡಕ್ಕೆ ಕರೆದುಕೊಂಡು ಹೋದರು.

ಅವತ್ತು ಅವರು ಹೇಳಿಕೊಟ್ಟ ಒಂದೇ ಒಂದು ವಿಷಯದ ಮೇಲೆ ಇವತ್ತಿಗೂ ನನ್ನ ಓದು ನಿಂತಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಬಿರುಕುಬಿಟ್ಟು ಲಾವಾ ಹರಿಯಿತು. ಶಂಕುವಿನಂಥ ಜ್ವಾಲಾಮುಖಿ ಬೆಟ್ಟದಿಂದ ಅಲ್ಲ, ಉದ್ದುದ್ದ ಬಿರುಕುಗಳಿಂದ. ಒಂದು ಹರಿವು ಬಂದು ಆರುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು. ಇದಕ್ಕೇ ಡೆಕ್ಕನ್ ಟ್ರ್ಯಾಪ್ ಅನ್ನುತ್ತಾರೆ. ಸವೆದು ಉಳಿದದ್ದೇ ಇವತ್ತು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಇದೆ. ಸ್ವೀಡಿಷ್ ಭಾಷೆಯಲ್ಲಿ ‘ಟ್ರಪ್ಪಾ’ ಅಂದರೆ ಮೆಟ್ಟಿಲು. ಸಹ್ಯಾದ್ರಿಯ ಯಾವ ಗುಡ್ಡವನ್ನಾದರೂ ದೂರದಿಂದ ನೋಡಿ, ಮೆಟ್ಟಿಲೇ ಅಲ್ವಾ?

ಆ ಮೆಟ್ಟಿಲು ಹೇಗೆ ಆಯಿತು ಅನ್ನೋದನ್ನು ಕ್ವಾರಿಯ ಗೋಡೆಯೇ ಹೇಳುತ್ತದೆ. ಲಾವಾ ಹರಿಯುವಾಗ ಅದರೊಳಗಿನ ಅನಿಲ ಮೇಲಕ್ಕೆ ಏರುತ್ತದೆ. ಹಾಗಾಗಿ ಒಂದೊಂದು ಹರಿವಿನ ಮೇಲ್ಭಾಗ ತೂತು ತೂತು, ಸೆಟ್ ದೋಸೆಯ ಹಾಗೆ. ನಡುಭಾಗ ಗಟ್ಟಿ. ಗಟ್ಟಿ ಭಾಗ ಮಳೆಗೆ ಜಗ್ಗದೆ ಕಡಿದಾದ ಗೋಡೆಯಾಗಿ ನಿಲ್ಲುತ್ತದೆ. ತೂತಿನ ಭಾಗ ಬೇಗ ಸವೆದು ಹುಲ್ಲು ಬೆಳೆಯುವ ಸಮತಟ್ಟು ಆಗುತ್ತದೆ. ಕೆಲವು ಕಡೆ ಎರಡು ಹರಿವುಗಳ ನಡುವೆ ಕೆಮ್ಮಣ್ಣಿನ ಪಟ್ಟಿ ಇರುತ್ತದೆ. ಮೊದಲ ಹರಿವು ಆರಿ, ಅದರ ಮೇಲೆ ಮಣ್ಣು ಆಗುವಷ್ಟು ಕಾಲ ಕಳೆದು, ಆಮೇಲೆ ಬಂದ ಬಿಸಿ ಲಾವಾ ಆ ಮಣ್ಣನ್ನು ಇಟ್ಟಿಗೆಯಂತೆ ಸುಟ್ಟಿತು. ಆ ಪಟ್ಟಿ ಕಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಎರಡು ಬೆಂಕಿಗಳ ನಡುವಿನ ಶಾಂತ ಕಾಲ ಅದು.

ಅಂದಿನಿಂದ ನಾನು ಬೆಟ್ಟವನ್ನು ಬುಡದಿಂದ ನೋಡತೊಡಗಿದೆ. ಮೊದಲು ಹಳ್ಳದ ತಳ, ಆಮೇಲೆ ರಸ್ತೆಗೆ ಕಡಿದ ಗೋಡೆ, ಕೊನೆಗೆ ತುದಿ. ಚೀಲದಲ್ಲಿ ಇರುವುದು ಸ್ವಲ್ಪವೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಭೂತಗನ್ನಡಿ, ಒಂದು ನೋಟ್‌ಬುಕ್, ಪೆನ್ಸಿಲ್, ಎರಡು ನಿಂಬೆಹಣ್ಣು, ಕುಡಿಯುವುದಕ್ಕಿಂತ ಒಂದು ಬಾಟಲಿ ಜಾಸ್ತಿ ನೀರು. ಆ ನೀರು ಕಲ್ಲಿಗೆ. ಧೂಳು ಹಿಡಿದ ಕಲ್ಲು ಮಂಕಾಗಿ ಕಾಣುತ್ತದೆ, ಒದ್ದೆ ಮಾಡಿದರೆ ಒಳಗಿನ ಹರಳು ಎದ್ದು ಬರುತ್ತದೆ. ಸುತ್ತಿಗೆ ಇಟ್ಟುಕೊಂಡಿಲ್ಲ. ಬೇಕಾಗಿಯೂ ಇಲ್ಲ, ಒಡೆದ ಚೂರು ಎಲ್ಲ ಕಡೆ ಬಿದ್ದಿರುತ್ತದೆ.

ನಿಂಬೆಹಣ್ಣಿನ ಕಥೆ ಹೇಳಲೇಬೇಕು. ಲಾವಾದ ತೂತುಗಳೊಳಗೆ ಆಮೇಲೆ ಬಿಸಿನೀರು ಇಳಿದು ಬಿಳಿ, ಗುಲಾಬಿ, ತಿಳಿ ಹಸಿರು ಹರಳು ಕಟ್ಟಿದೆ. ಮೊದಲ ಚಳಿಗಾಲ ನಾನು ಬಿಳಿ ಹರಳು ಕಂಡಲ್ಲೆಲ್ಲ ‘ಸ್ಫಟಿಕ’ (ಕ್ವಾರ್ಟ್ಜ್) ಅಂತ ಬರೆದುಕೊಂಡೆ. ಒಂದು ನೋಟ್‌ಬುಕ್ ಪೂರ್ತಿ ತಪ್ಪು. ಮೇಷ್ಟ್ರು ಅದನ್ನು ನೋಡಿ ಬೈಯಲಿಲ್ಲ, ಅಡುಗೆಮನೆಯಿಂದ ನಿಂಬೆ ತಂದು ಹರಳನ್ನು ಸ್ವಲ್ಪ ಪುಡಿ ಮಾಡಿ ಹಿಂಡಿದರು. ಒಂದರ ಮೇಲೆ ಸಣ್ಣ ಗುಳ್ಳೆ ಎದ್ದವು. ಅದು ಕ್ಯಾಲ್ಸೈಟ್. ಎರಡನೆಯದು ಸುಮ್ನೆ ಇತ್ತು. ಮುತ್ತಿನಂಥ ಹೊಳಪು ಇದ್ದ ಅದು ಸ್ಟಿಲ್ಬೈಟ್, ಝಿಯೋಲೈಟ್ ಅನ್ನುವ ಖನಿಜಗಳ ಗುಂಪಿನದು. ಚೂಪಾದ ತುದಿಯ ಆರು ಮುಖಗಳ ಹರಳು ಮಾತ್ರ ನಿಜವಾದ ಸ್ಫಟಿಕ. ಪುಣೆ ಸುತ್ತಲಿನ ಈ ಹರಳುಗಳು ಲೋಕಕ್ಕೇ ಗೊತ್ತು. ವಾಘೋಲಿಯ ಕ್ವಾರಿಗಳಲ್ಲಿ ಸಿಕ್ಕ ಕ್ಯಾವನ್ಸೈಟ್ ಅನ್ನುವ ಗಾಢ ನೀಲಿ ಹರಳನ್ನು ಒಮ್ಮೆ ನೋಡಿದರೆ ಮರೆಯಲಾಗುವುದಿಲ್ಲ. ಆದರೆ ನಡೆಯುತ್ತಿರುವ ಕ್ವಾರಿಗೆ ಕೇಳದೆ ಹೋಗಬೇಡಿ. ಅಲ್ಲಿ ಸ್ಫೋಟ ಮಾಡುತ್ತಾರೆ, ಗೋಡೆಗಳು ಸಡಿಲ ಇರುತ್ತವೆ.

ಮುಂಬೈಗೆ ಹೋದಾಗ ಅಂಧೇರಿಯ ಗಿಲ್ಬರ್ಟ್ ಹಿಲ್ ನೋಡಿ ಬಂದೆ. ಸುಮಾರು 60 ಮೀಟರ್ ಎತ್ತರದ ಕಲ್ಲಿನ ಕಂಬಗಳು, ಸುತ್ತ ಒತ್ತಿಕೊಂಡು ಬಂದ ಮನೆಗಳು. ಲಾವಾ ನಿಧಾನವಾಗಿ ಆರಿ ಕುಗ್ಗುವಾಗ, ಕೆರೆ ಒಣಗಿದ ಮೇಲೆ ಎರೆಮಣ್ಣು ಬಿರಿಯುವ ಹಾಗೆ, ಹೀಗೆ ಕಂಬಗಳಾಗಿ ಸೀಳುತ್ತದೆ. ನಮ್ಮ ಮಲ್ಪೆ ಎದುರಿನ ಸೇಂಟ್ ಮೇರಿ ದ್ವೀಪದಲ್ಲೂ ಕಂಬಗಳಿವೆ. ಆದರೆ ಅವು ಇನ್ನೂ ಹಳೆಯವು, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದವು.

ಇಷ್ಟೆಲ್ಲದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಜಾಗ ನಿಘೋಜ್. ಪುಣೆಯಿಂದ ಸುಮಾರು 90 ಕಿಲೋಮೀಟರ್, ಅಹಮದನಗರದ (ಈಗಿನ ಅಹಿಲ್ಯಾನಗರ) ರಸ್ತೆಯಲ್ಲಿ ಶಿರೂರಿನ ತನಕ ಹೋಗಿ ಒಳಕ್ಕೆ ತಿರುಗಬೇಕು. ಮಳಗಂಗಾ ದೇವಿಯ ಗುಡಿಯ ಹತ್ತಿರ ಕುಕಡಿ ಹೊಳೆ ಕರಿಕಲ್ಲಿನ ಹಾಸನ್ನು ಸೀಳಿಕೊಂಡು ಹರಿಯುತ್ತದೆ. ಆ ಹಾಸಿನ ತುಂಬ ಕುಳಿಗಳು. ಕೆಲವು ಬಟ್ಟಲಿನಷ್ಟು, ಕೆಲವು ಬಾವಿಯಷ್ಟು. ಮರಾಠಿಯಲ್ಲಿ ಇವುಗಳಿಗೆ ‘ರಾಂಜಣ ಖಳಗೇ’ ಅನ್ನುತ್ತಾರೆ. ರಾಂಜಣ ಅಂದರೆ ನೀರು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ, ನಮ್ಮ ಕಡೆಯ ಹರವಿ.

ನಾನು ಮೊದಲ ಸಲ ಹೋದದ್ದು ಮೇ ತಿಂಗಳ ಮಧ್ಯಾಹ್ನ. ಕಲ್ಲು ಕಾದು ಚಪ್ಪಲಿ ಮೂಲಕವೇ ಸುಡುತ್ತಿತ್ತು. ತಲೆ ಸುತ್ತಿ ಅರ್ಧ ಗಂಟೆಗೇ ಗುಡಿಯ ನೆರಳಿಗೆ ಓಡಿಬಂದೆ. ಮಳೆಗಾಲದಲ್ಲಿ ಇನ್ನೂ ಅಪಾಯ. ಮೇಲೆ ಅಣೆಕಟ್ಟುಗಳಿವೆ, ನೀರು ಏಕಾಏಕಿ ಏರುತ್ತದೆ, ಪಾಚಿ ಹಿಡಿದ ಕಲ್ಲು ಜಾರುತ್ತದೆ. ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಬೆಳಿಗ್ಗೆ ಎಂಟಕ್ಕೆ ಅಲ್ಲಿರಿ. ಓರೆ ಬಿಸಿಲಿನಲ್ಲಿ ಕುಳಿಗಳ ಒಳಗೋಡೆಯ ಸುತ್ತುಗೆರೆ ಚೆನ್ನಾಗಿ ಕಾಣುತ್ತದೆ.

ಎರಡನೇ ಸಲ ಡಿಸೆಂಬರ್‌ನಲ್ಲಿ ಹೋದಾಗ ನಾನು ಒಂದೇ ಕುಳಿಯ ಪಕ್ಕ ಎರಡು ಗಂಟೆ ಕೂತೆ. ಮೊಣಕೈ ಮುಳುಗುವಷ್ಟೇ ಆಳ. ಒಳಗೆ ಏಳೆಂಟು ಗುಂಡುಕಲ್ಲು, ಗೋಲಿಯಷ್ಟು ನುಣುಪು. ಈ ಕುಳಿ ಕೊರೆದ ಆಯುಧಗಳು ಅವೇ. ಮೊದಲು ಕಲ್ಲಿನಲ್ಲಿ ಒಂದು ಬಿರುಕೋ ತೂತೋ ಇರುತ್ತದೆ. ಹೊಳೆ ತುಂಬಿದಾಗ ನೀರು ಅಲ್ಲಿ ಸುಳಿಯಾಗುತ್ತದೆ. ಸುಳಿಗೆ ಸಿಕ್ಕ ಕಲ್ಲು ಹೊರಗೆ ಬರಲಾರದೆ ಅಲ್ಲೇ ತಿರುಗುತ್ತದೆ, ರುಬ್ಬುಗುಂಡು ಒರಳಿನಲ್ಲಿ ತಿರುಗಿದ ಹಾಗೆ. ಗುಂಡೂ ಸವೆಯುತ್ತದೆ, ಒರಳೂ ಸವೆಯುತ್ತದೆ. ಅಕ್ಕಪಕ್ಕದ ಎರಡು ಕುಳಿಗಳ ನಡುವಿನ ಗೋಡೆ ತೆಳುವಾಗಿ ಒಡೆದಾಗ ಅವು ಒಂದಾಗುತ್ತವೆ. ಹೀಗೆ ಕೂಡುತ್ತ ಕೂಡುತ್ತ ಹೊಳೆಗೆ ಆಳವಾದ ದಾರಿ ಆಗುತ್ತದೆ. ದಂಡೆಯ ಬಂಡೆಯಲ್ಲಿ ಅರ್ಧ ಕತ್ತರಿಸಿದ ಹರವಿಗಳಂತೆ ಕಾಣುವವು ಅವೇ. ಅಲ್ಲಿ ತನಕ ನಾನು ನದಿ ಕಲ್ಲನ್ನು ಮೇಲಿನಿಂದ ಸಮನಾಗಿ ಉಜ್ಜುತ್ತದೆ ಅಂದುಕೊಂಡಿದ್ದೆ.

ಹೋದ ಚಳಿಗಾಲ ಅವ್ವ ಬಂದಿದ್ದಳು. ಅವಳ ತವರು ಅಫಜಲಪುರ ತಾಲೂಕು, ಭೀಮಾ ದಂಡೆ. ನಿಘೋಜ್‌ಗೆ ಕರೆದುಕೊಂಡು ಹೋದೆ. ಕುಳಿಗಳನ್ನು ನೋಡುತ್ತಿದ್ದ ಹಾಗೆ, "ಯವ್ವಾ, ಯಾರ್ ಹೂಳ್ಯಾರ ಇಷ್ಟ ಹರವಿ?" ಅಂದಳು. ನಾನು ರುಬ್ಬುಗುಂಡಿನ ಮಾತು ಹೇಳಿದೆ. ಆಮೇಲೆ ನೋಟ್‌ಬುಕ್‌ನಲ್ಲಿ ಗೆರೆ ಎಳೆದು ತೋರಿಸಿದೆ. ಕುಕಡಿ ಹೋಗಿ ಘೋಡ್ ನದಿಗೆ ಸೇರುತ್ತದೆ, ಘೋಡ್ ಭೀಮೆಗೆ. ಭೀಮೆ ಪಂಢರಪುರ ದಾಟಿ, ಗಾಣಗಾಪುರ ದಾಟಿ, ಕೃಷ್ಣೆಗೆ. ಸಹ್ಯಾದ್ರಿಯ ತುದಿಯಿಂದ ಪಶ್ಚಿಮದ ಸಮುದ್ರ ಕಣ್ಣಳತೆ ದೂರ, ಆದರೂ ಈ ನೀರು ಪೂರ್ವಕ್ಕೆ ತಿರುಗಿ ಬಂಗಾಳಕೊಲ್ಲಿಯ ತನಕ ನಡೆಯುತ್ತದೆ. ಪಶ್ಚಿಮದ ಅಂಚು ಎತ್ತರ, ಪ್ರಸ್ಥಭೂಮಿ ಪೂರ್ವಕ್ಕೆ ವಾಲಿದೆ.

"ಅಂದ್ರ ನಮ್ಮೂರ ಹೊಳಿ ನೀರು ಇಲ್ಲಿಂದೂ ಬರ್ತದ?"

"ಹೌದವ್ವ. ನಿನ್ನ ತವರ ಎರಿಭೂಮಿನೂ ಇದೇ ಕಲ್ಲು. ಕರಿಕಲ್ಲು ಕರಗಿ ಎರಿಮಣ್ಣು ಆಗ್ಯದ."

ಅವ್ವ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆ ಹೊಲದಲ್ಲಿ ಜೋಳ ಕಿತ್ತವಳು ಅವಳು. ಆಮೇಲೆ ಸೆರಗು ಸಿಕ್ಕಿಸಿ ಕೂತು, ಒಂದು ಸಣ್ಣ ಕುಳಿಗೆ ಕೈ ಹಾಕಿ ಗುಂಡುಕಲ್ಲೊಂದನ್ನು ತೆಗೆದಳು. ಅಂಗೈಯಲ್ಲಿ ಉರುಳಿಸಿ ನೋಡಿದಳು. ಮನೆಗೆ ಒಯ್ಯುತ್ತಾಳೇನೋ ಅಂದುಕೊಂಡೆ. "ಇದರ ಕೆಲಸ ಇನ್ನ ಮುಗಿದಿಲ್ಲಲ್ಲ" ಅಂದು ತಿರುಗಿ ಅದೇ ನೀರಿಗೆ ಬಿಟ್ಟಳು.